ಇಬ್ಬರು ಸಲಾಸರ್‌ಗಳ ಕಣಿವೆ: ಬಸ್ತಾನ್ ಪ್ರವಾಸ

ಬುಧವಾರ, ಪಂಪ್ಲೋನಾದಿಂದ ಎಲಿಸೊಂದೊ

ಕೊಲೆಯ ತನಿಖೆಗೆಂದು ಹುಟ್ಟೂರಿಗೆ ವಾಪಸ್ ಬರುವ ಪೊಲೀಸ್ ಅಧಿಕಾರಿಯ ಕಥೆ ಎಲ್ಲ ದೇಶಗಳಲ್ಲೂ ಇದೆ. ಅಂಥ ಒಂದು ಕಥೆಯಿಂದಲೇ ಬಸ್ತಾನ್ ಎಂಬ ಇಡೀ ಕಣಿವೆಯ ಹೆಸರು ಜಗತ್ತಿಗೆ ಗೊತ್ತಾಗಿದ್ದು ಉತ್ತರ ಸ್ಪೇನಿನ ನವಾರ್ರಾ ಪ್ರಾಂತ್ಯದಲ್ಲಿ. ದೊಲೋರೆಸ್ ರೆದೊಂದೊ ಎಂಬ ಲೇಖಕಿ 2013ರಲ್ಲಿ ಬರೆದ ಕಾದಂಬರಿ ಅದು. ಇಂಗ್ಲಿಷಿನಲ್ಲಿ 'ದಿ ಇನ್ವಿಸಿಬಲ್ ಗಾರ್ಡಿಯನ್' ಎಂದು ಬಂತು. ಅದರ ನಾಯಕಿ ಇನ್‌ಸ್ಪೆಕ್ಟರ್ ಅಮಾಯಾ ಸಲಾಸರ್. ನವಾರ್ರಾದ ಸ್ವಂತ ಪೊಲೀಸ್ ಪಡೆಯಾದ ಪೊಲಿಸಿಯಾ ಫೊರಾಲ್‌ನಲ್ಲಿ ಕೊಲೆ ವಿಭಾಗದವಳು. ನವಾರ್ರಾದ ರಾಜಧಾನಿ ಪಂಪ್ಲೋನಾದಲ್ಲಿ ಗಂಡನ ಜೊತೆ ನೆಮ್ಮದಿಯಾಗಿದ್ದವಳು. ಬಸ್ತಾನ್ ನದಿಯ ದಡದಲ್ಲಿ ಹದಿಹರೆಯದ ಹುಡುಗಿಯೊಬ್ಬಳ ಶವ ಸಿಗುತ್ತದೆ. ಅಮಾಯಾ ತಾನು ಬಿಟ್ಟು ಬಂದ ಹುಟ್ಟೂರು ಎಲಿಸೊಂದೊಗೆ ಮತ್ತೆ ಹೋಗಬೇಕಾಗುತ್ತದೆ.

ನಾನು ಧಾರವಾಡದಲ್ಲಿ ಕ್ರಿಮಿನಲ್ ವಕೀಲಿಕೆ ಮಾಡುವವಳು. ಪತ್ತೇದಾರಿ ಕಾದಂಬರಿ ಓದುವಾಗಲೂ ಮಹಜರು ಸರಿಯಾಗಿದೆಯಾ, ಸಾಕ್ಷಿ ಯಾರು ಎಂದೇ ನೋಡುತ್ತೇನೆ. ಈ ಪುಸ್ತಕ ಓದಿದ ಮೇಲೆ ಆ ಕಣಿವೆಯ ಹಳೆಯ ದಾಖಲೆಗಳ ಬಗ್ಗೆ ಓದತೊಡಗಿದೆ. ಅಲ್ಲಿ ಇನ್ನೊಬ್ಬ ಸಲಾಸರ್ ಸಿಕ್ಕ. ಇವನು ಕಲ್ಪನೆಯವನಲ್ಲ. ನಾನೂರು ವರ್ಷಗಳ ಹಿಂದೆ ಇದೇ ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಸುತ್ತಿ, ಸಾವಿರಾರು ಜನರನ್ನು ವಿಚಾರಿಸಿ, "ಪುರಾವೆ ಎಲ್ಲಿ?" ಎಂದು ಕೇಳಿದವನು. ಇಬ್ಬರ ಹೆಜ್ಜೆಯನ್ನೂ ನೋಡಬೇಕೆಂದು ಅಕ್ಟೋಬರ್ ಕೊನೆಯ ವಾರ ಹೊರಟೆ.

ಪಂಪ್ಲೋನಾದ ಬಸ್ ನಿಲ್ದಾಣ ನೆಲದಡಿಯಲ್ಲಿದೆ, ಹಳೆಯ ಕೋಟೆಯ ಪಕ್ಕದಲ್ಲೇ. ಬಸ್ಸಿಗೆ ಹೊತ್ತಿತ್ತು. ಮೆರ್ಕಾದೆರೆಸ್ ಬೀದಿಗೆ ಹೋಗಿ ಬಂದೆ. ಜುಲೈ ತಿಂಗಳ ಹಬ್ಬದಲ್ಲಿ ಗೂಳಿಗಳು ಓಡುವ ಬೀದಿ ಇದು. ಇಲ್ಲಿಂದ ಎಸ್ತಾಫೆತಾ ಬೀದಿಗೆ ತಿರುಗುವ ಮೂಲೆಯಲ್ಲಿ ಗೂಳಿಗಳು ಜಾರಿ ಗೋಡೆಗೆ ಬಡಿಯುತ್ತವೆ. ಕಾದಂಬರಿಯಲ್ಲಿ ಅಮಾಯಾಳ ಮನೆ ಇರುವುದು ಈ ಬೀದಿಯಲ್ಲೇ.

ಎಲಿಸೊಂದೊಗೆ ಸುಮಾರು ಒಂದು ಗಂಟೆಯ ದಾರಿ. ಬೆಲಾತೆ ಸುರಂಗ ದಾಟಿದ ಕೂಡಲೇ ಹವೆ ಬದಲಾಯಿತು. ಈಚೆ ಬಿಸಿಲಿತ್ತು. ಆಚೆ ಮಂಜು, ಸಣ್ಣ ಜಿಟಿಜಿಟಿ ಮಳೆ. ಬೀಚ್ ಎಂಬ ಕಾಡುಮರಗಳ ಎಲೆ ಕೆಂಪಾಗಿತ್ತು. ಕೆಳಗೆ ಹಸಿರು ಹುಲ್ಲುಗಾವಲು, ಅಲ್ಲಲ್ಲಿ ಕೆಂಪು ಹೆಂಚಿನ ದೊಡ್ಡ ಬಿಳಿ ಮನೆಗಳು. ಹಾಗಂತ ಇದೇನೂ ಸಣ್ಣ ಜಾಗ ಅಲ್ಲ. ವಿಸ್ತೀರ್ಣದಲ್ಲಿ ಬಸ್ತಾನ್ ನವಾರ್ರಾದಲ್ಲೇ ಅತಿ ದೊಡ್ಡ ಪುರಸಭೆ. ಹದಿನೈದು ಊರುಗಳು ಸೇರಿ ಒಂದೇ ಆಡಳಿತ. ಎಲಿಸೊಂದೊ ಅದರ ಮುಖ್ಯ ಊರು.

ಗುರುವಾರ, ಎಲಿಸೊಂದೊ

ಬೆಳಿಗ್ಗೆ ಬೇಗ ಎದ್ದು ನದಿಗೆ ಹೋದೆ. ಊರಿನ ನಡುವೆಯೇ ಹರಿಯುತ್ತದೆ. ಮೇಲೆ ಬಸ್ತಾನ್ ಎಂಬ ಹೆಸರು. ಕೆಳಗೆ ಹೋದಂತೆ ಬಿದಾಸೊವಾ ಎಂದಾಗಿ, ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿ ಸಮುದ್ರ ಸೇರುತ್ತದೆ. ಚೊಕೊತೊ ಎಂಬ ಹಳೆಯ ಕೇರಿಯ ಪಕ್ಕ ನದಿಗೆ ಅಡ್ಡಲಾಗಿ ಒಂದು ಒಡ್ಡು ಇದೆ. ನೀರು ಅದರ ಮೇಲಿಂದ ಜಾರಿ ಬೀಳುವ ಸದ್ದು ಊರಿಗೆಲ್ಲ ಕೇಳುತ್ತದೆ. ಹತ್ತಿರದಲ್ಲೇ ಮುನಿಯಾರ್ತೆಯಾ ಸೇತುವೆ. ಕಾದಂಬರಿಯಲ್ಲಿ ಅಮಾಯಾ ಇಲ್ಲಿ ನಿಂತು ನೀರಿನ ಸದ್ದು ಕೇಳುತ್ತಾಳೆ. ಅವಳ ಅತ್ತೆ ಎಂಗ್ರಾಸಿಯ ಮನೆ ನದಿ ಪಕ್ಕದ ಬೀದಿಯಲ್ಲಿದೆ. ಟ್ಯಾರೋ ಎಲೆ ಓದುವ, ಯಾವ ಹೊತ್ತಿಗೂ ಒಲೆ ಉರಿಸಿಕೊಂಡಿರುವ ಅತ್ತೆ. ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಪಾತ್ರ ಅವರೇ.

ಈ ನದಿ ಊರನ್ನು ಮುಳುಗಿಸಿದ್ದೂ ಇದೆ. 1913ರ ಜೂನ್‌ನಲ್ಲಿ ಬಂದ ಪ್ರವಾಹದಲ್ಲಿ ಹಳೆಯ ಚರ್ಚ್ ಹಾಳಾಯಿತು. ಈಗಿರುವ ಸಾಂತಿಯಾಗೊ ಚರ್ಚ್ ಆಮೇಲೆ ಕಟ್ಟಿದ್ದು. 2014ರ ಜುಲೈನಲ್ಲಿ ಮತ್ತೆ ನೀರು ಬೀದಿಗಳಿಗೆ ನುಗ್ಗಿತು.

ಬ್ರೌಲಿಯೊ ಇರಿಯಾರ್ತೆ ಬೀದಿಯ ಹೆಸರಿನ ಹಿಂದೆಯೂ ಒಂದು ಕಥೆ ಇದೆ. ಈ ಊರಲ್ಲಿ ಹುಟ್ಟಿ ಮೆಕ್ಸಿಕೊಗೆ ಹೋದ ಹುಡುಗ ಆತ. ಅಲ್ಲಿ ಕೊರೋನಾ ಬಿಯರ್ ತಯಾರಿಸುವ ಕಂಪನಿ ಶುರುಮಾಡಿದವರಲ್ಲಿ ಒಬ್ಬನಾದ. ಬಸ್ತಾನ್‌ನಿಂದ ಹೀಗೆ ಅಮೆರಿಕ ಖಂಡಕ್ಕೆ ಹೋದವರು ತುಂಬ ಜನ. ಮನೆ, ಜಮೀನು ಒಬ್ಬರಿಗೇ ಸೇರುವ ಪದ್ಧತಿ ಇಲ್ಲಿತ್ತು. ಉಳಿದ ಮಕ್ಕಳು ಊರು ಬಿಡಬೇಕಾಗಿತ್ತು. ದುಡ್ಡು ಮಾಡಿದವರು ವಾಪಸ್ ಬಂದು ಕಟ್ಟಿಸಿದ ಭರ್ಜರಿ ಮನೆಗಳು ಊರಲ್ಲಿ ಇನ್ನೂ ಇವೆ. ವಾಪಸ್ ಬರುವುದು ಈ ಕಣಿವೆಗೆ ಹೊಸದಲ್ಲ.

ಬಾಗಿಲುಗಳ ಮೇಲೆ ಒಣಗಿದ ದೊಡ್ಡ ಮುಳ್ಳು ಹೂವು ತೂಗುಹಾಕಿರುತ್ತಾರೆ. ಎಗುಸ್ಕಿಲೋರೆ ಎನ್ನುತ್ತಾರೆ. ರಾತ್ರಿ ಬರುವ ಕೆಟ್ಟ ಶಕ್ತಿ ಒಳಗೆ ಬರುವ ಮೊದಲು ಆ ಹೂವಿನ ಎಳೆಗಳನ್ನೆಲ್ಲ ಎಣಿಸಬೇಕು. ಎಣಿಸಿ ಮುಗಿಯುವಷ್ಟರಲ್ಲಿ ಬೆಳಗಾಗುತ್ತದೆ. ನಂಬಿಕೆ ಹೀಗಿದೆ. ಕಾದಂಬರಿಯ ಕೊಲೆಗಳಿಗೂ ಜನ ಮೊದಲು ಹೊರಗಿನ ಶಕ್ತಿಯನ್ನೇ ಹುಡುಕುತ್ತಾರೆ. ಬಸಜೌನ್ ಎಂಬ ಕಾಡಿನ ಒಡೆಯ, ಎತ್ತರದ, ಮೈತುಂಬ ಕೂದಲಿರುವ ಜೀವಿ. ಶವಗಳ ಬಳಿ ಪ್ರಾಣಿಯ ಕೂದಲು ಸಿಕ್ಕಿತೆಂದು ಪತ್ರಿಕೆಗಳು ಅವನ ಹೆಸರನ್ನೇ ಕೊಲೆಗಾರನಿಗೆ ಇಟ್ಟುಬಿಡುತ್ತವೆ. ಆದರೆ ಈ ಸೀಮೆಯ ಮೂಲನಿವಾಸಿಗಳಾದ ಬಾಸ್ಕ್ ಜನರ ಹಳೆಯ ಕಥೆಗಳಲ್ಲಿ ಬಸಜೌನ್ ಕೊಲ್ಲುವವನಲ್ಲ. ಬಿರುಗಾಳಿ ಬರುವಾಗ ಕೂಗಿ ಕುರುಬರನ್ನು ಎಚ್ಚರಿಸುತ್ತಾನೆ. ಅವನಿದ್ದರೆ ತೋಳ ಕುರಿಮಂದೆಯ ಹತ್ತಿರ ಬರುವುದಿಲ್ಲ. ಜೀವನವಿಡೀ ಈ ಕಥೆಗಳನ್ನು ಸಂಗ್ರಹಿಸಿದ ಪಾದ್ರಿ ಹೊಸೆ ಮಿಗೆಲ್ ದೆ ಬರಾಂದಿಯಾರಾನ್ ನೂರು ದಾಟಿ ಬದುಕಿ 1991ರಲ್ಲಿ ತೀರಿಕೊಂಡರು. ಅವರ ಕೆಲಸ ಇಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಕಥೆಗಳು ಅಳಿದುಹೋಗುತ್ತಿದ್ದವು.

ಮಧ್ಯಾಹ್ನ ಚಾಂಚಿಗೊರ್ರಿ ಕೇಕ್ ನೋಡಿದೆ. ಕೊಲೆಗಾರ ಪ್ರತಿ ಶವದ ಮೇಲೂ ಇಟ್ಟು ಹೋಗುವ ತಿಂಡಿ ಇದು. ಕಾದಂಬರಿ ಬಂದ ಮೇಲೆ ಪ್ರವಾಸಿಗರು ಇದನ್ನು ಕೇಳಿಕೊಂಡೇ ಬರುತ್ತಾರಂತೆ. ಹಿಟ್ಟು, ಸಕ್ಕರೆ, ದಾಲ್ಚಿನ್ನಿ, ಜೊತೆಗೆ ಹಂದಿಯ ಕೊಬ್ಬು ಕರಗಿಸಿದಾಗ ಉಳಿಯುವ ಗರಿಗರಿ ಚೂರುಗಳು. ನಾನು ಸಸ್ಯಾಹಾರಿ, ತಿನ್ನಲಿಲ್ಲ. ಇಡೀ ಹೇಸಲ್ ಬೀಜ ಹಾಕಿದ ಇಲ್ಲಿನ ಚಾಕಲೇಟ್ ಕೊಂಡೆ. ತುಂಬಾ ಚೆನ್ನಾಗಿದೆ. ಅಂಗಡಿಯ ಹೆಂಗಸು ನಗುತ್ತಾ ಹೇಳಿದರು, "ಪುಸ್ತಕದಲ್ಲಿ ಸತ್ತಷ್ಟು ಜನ ನಮ್ಮೂರಲ್ಲಿ ಸಾಯಲ್ಲ, ಧೈರ್ಯವಾಗಿರಿ."

ಆ ಕೇಕೇ ಕಥೆಯ ಮುಖ್ಯ ಸುಳಿವು. ಅಮಾಯಾಳ ಮನೆತನದ್ದು ಬೇಕರಿ. ಶವದ ಮೇಲಿನ ಕೇಕ್ ನೋಡಿದ ಕೂಡಲೇ ಅದು ಅಂಗಡಿಯದ್ದಲ್ಲ, ಹಳೆಯ ಪದ್ಧತಿಯಲ್ಲಿ ಮಾಡಿದ್ದು ಎಂದು ಅವಳಿಗೆ ಗೊತ್ತಾಗುತ್ತದೆ. ಪಂಪ್ಲೋನಾದ ಬೇರೆ ಯಾವ ಅಧಿಕಾರಿಗೂ ಇದು ಹೊಳೆಯುತ್ತಿರಲಿಲ್ಲ. ಆದರೆ ಆ ಹಿಟ್ಟು ಎಲ್ಲಿಯದು ಎಂದು ಹುಡುಕುತ್ತಾ ಹೋದರೆ ಅಕ್ಕನ ಬೇಕರಿಯನ್ನೇ ತಪಾಸಣೆ ಮಾಡಬೇಕಾಗುತ್ತದೆ. ಬಾಲ್ಯದಲ್ಲಿ ಅವಳನ್ನು ಹೆದರಿಸಿದ್ದೂ ಕಾಡಲ್ಲ. ಮನೆಯವರೇ, ಅದೇ ಬೇಕರಿಯ ಹಿಟ್ಟಿನ ಕೋಣೆಯಲ್ಲಿ.

ನಮ್ಮಲ್ಲಿ ಚುನಾವಣೆ ಬಂದರೆ ಸ್ವಂತ ಜಿಲ್ಲೆಯಲ್ಲಿರುವ ಪೊಲೀಸ್ ಅಧಿಕಾರಿಗಳನ್ನು ಬೇರೆಡೆಗೆ ಕಳಿಸಬೇಕೆಂದು ಆಯೋಗದ ನಿಯಮವೇ ಇದೆ. ಬಂಧುಬಳಗ ಇರುವ ಕಡೆ ಕೈ ಕಟ್ಟಿಹಾಕಿದಂತೆ ಎಂಬ ಲೆಕ್ಕ. ಕೋರ್ಟಿನಲ್ಲಿ ಇಷ್ಟು ವರ್ಷ ನೋಡಿದ ಮೇಲೆ ನನಗೆ ಅದು ಅರ್ಧ ಸತ್ಯ ಎನಿಸುತ್ತದೆ. ಊರಿನವಳಿಗೆ ಯಾರು ಯಾಕೆ ಸುಮ್ಮನಿದ್ದಾರೆ ಎಂದು ಗೊತ್ತಾಗುತ್ತದೆ. ಹೊರಗಿನವನು ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಾನೆ. ಆದರೆ ಮೌನವನ್ನು ಬರೆದುಕೊಳ್ಳಲು ಅವನಿಗೆ ಆಗುವುದಿಲ್ಲ.

ಇನ್ನೊಂದು ಮಾತು. ಸ್ಪೇನಿನಲ್ಲಿ ಕೊಲೆಯ ಸ್ಥಳಕ್ಕೆ ತನಿಖಾ ನ್ಯಾಯಾಧೀಶರು ಬರುತ್ತಾರೆ. ಶವ ಎತ್ತಲು ಅಪ್ಪಣೆ ಕೊಡುವವರು ಅವರು, ಪೊಲೀಸರಲ್ಲ. ತನಿಖೆಯ ದಾರಿಯನ್ನೂ ಅವರೇ ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಠಾಣೆಯ ಅಧಿಕಾರಿ ಪಂಚರನ್ನು ಕೂರಿಸಿಕೊಂಡು ಪಂಚನಾಮೆ ಬರೆಯುತ್ತಾರೆ. ಪಂಚರು ಆಮೇಲೆ ಕೋರ್ಟಿಗೆ ಬಂದು "ನನಗೇನೂ ಗೊತ್ತಿಲ್ಲ, ಸಹಿ ಹಾಕು ಅಂದರು, ಹಾಕಿದೆ" ಎನ್ನುತ್ತಾರೆ. ಮೊದಲ ದಿನದಿಂದ ನ್ಯಾಯಾಧೀಶರೊಬ್ಬರು ಕಡತದ ಮೇಲೆ ಕಣ್ಣಿಟ್ಟಿದ್ದರೆ ಎಷ್ಟೋ ಕೇಸುಗಳ ಗತಿ ಬೇರೆ ಆಗುತ್ತಿತ್ತು.

ಶುಕ್ರವಾರ, ಅರಿಸ್ಕುನ್ ಮತ್ತು ಅಮಾಯುರ್

ಎಲಿಸೊಂದೊದಿಂದ ಅರಿಸ್ಕುನ್ ಹತ್ತಿರ. ರೆದೊಂದೊ ಅವರ ಎರಡನೆಯ ಕಾದಂಬರಿಯಲ್ಲಿ ಇಲ್ಲಿನ ಚರ್ಚನ್ನು ಯಾರೋ ಮತ್ತೆ ಮತ್ತೆ ಅಪವಿತ್ರಗೊಳಿಸುತ್ತಾರೆ. ತನಿಖೆ ಒಂದು ಹಳೆಯ ಗಾಯಕ್ಕೆ ಬಂದು ನಿಲ್ಲುತ್ತದೆ. ಆ ಗಾಯ ನಿಜವಾದದ್ದು.

ಅರಿಸ್ಕುನ್ ಪಕ್ಕದ ಬೊಸಾತೆ ಎಂಬ ಕೇರಿಯಲ್ಲಿ ಅಗೋತೆ ಎಂಬ ಜನ ಇದ್ದರು. ಭಾಷೆ ಅದೇ, ಧರ್ಮ ಅದೇ, ಮುಖಚಹರೆಯೂ ಅದೇ. ಆದರೂ ಶತಮಾನಗಳ ಕಾಲ ಊರಿನವರು ಅವರನ್ನು ಮುಟ್ಟಿಸಿಕೊಳ್ಳಲಿಲ್ಲ. ಚರ್ಚಿಗೆ ಬೇರೆ ಬಾಗಿಲು. ತೀರ್ಥದ ತೊಟ್ಟಿ ಬೇರೆ. ಕೂರುವುದು ಹಿಂದೆ. ಮದುವೆ ತಮ್ಮೊಳಗೇ. ಮರಗೆಲಸ, ಕಲ್ಲುಕೆಲಸ, ನೇಯ್ಗೆ ಇಂಥ ಕೆಲವು ಕಸುಬುಗಳು ಮಾತ್ರ. ಅವರು ಪೋಪ್‌ಗೆ ಅರ್ಜಿ ಬರೆದರು. 1515ರಲ್ಲಿ ಪೋಪ್ ಹತ್ತನೇ ಲಿಯೊ ಅವರನ್ನು ಎಲ್ಲರಂತೆ ನಡೆಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಊರು ಕೇಳಲಿಲ್ಲ. ಮುನ್ನೂರು ವರ್ಷ ಕಳೆದು, 1817ರಲ್ಲಿ ನವಾರ್ರಾದ ಶಾಸನಸಭೆ ಈ ಭೇದವನ್ನು ಕಾನೂನಿನಿಂದ ತೆಗೆಯಿತು. ಅದಾದ ಮೇಲೂ ಜನರ ನಡವಳಿಕೆ ಬದಲಾಗಲು ತುಂಬ ಕಾಲ ಹಿಡಿಯಿತು.

ಯಾಕೆ ಹೀಗೆ ಮಾಡಿದರು ಎಂಬುದಕ್ಕೆ ಕುಷ್ಠರೋಗಿಗಳ ವಂಶ, ಪಾಷಂಡಿಗಳ ವಂಶ ಎಂದೆಲ್ಲ ಕಥೆ ಕಟ್ಟಿದ್ದಾರೆ. ಯಾವುದಕ್ಕೂ ಗಟ್ಟಿ ಆಧಾರ ಇಲ್ಲ. ಮೊದಲು ದೂರ ಇಟ್ಟರು, ಕಾರಣ ಆಮೇಲೆ ಹುಡುಕಿದರು ಎಂದೇ ನನಗೆ ಕಾಣುತ್ತದೆ. ಕರ್ನಾಟಕದಿಂದ ಹೋದವರಿಗೆ ಇಲ್ಲಿ ಯಾರೂ ಏನೂ ವಿವರಿಸಬೇಕಾಗಿಲ್ಲ. ಬೇರೆ ಬಾಗಿಲು ಎಂದ ಕೂಡಲೇ ನಮಗೆ ಎಲ್ಲ ಗೊತ್ತಾಗುತ್ತದೆ. ಬೊಸಾತೆಯಲ್ಲಿ ಈಗ ಅಗೋತೆ ಮೂಲದ ಶಿಲ್ಪಿ ಹಬಿಯೆರ್ ಸಾಂಚೊತೆನಾ ಅವರ ಶಿಲ್ಪಗಳ ಉದ್ಯಾನವಿದೆ. ಮರ ಮತ್ತು ಕಬ್ಬಿಣದ ದೊಡ್ಡ ದೊಡ್ಡ ಶಿಲ್ಪಗಳು. ತಮ್ಮ ಜನಕ್ಕೆ ಬಿಟ್ಟುಕೊಟ್ಟ ಕಸುಬಿನ ಮರವನ್ನೇ ಹಿಡಿದು ಅವರು ಈ ಕೆಲಸ ಮಾಡಿದ್ದಾರೆ. ಕೇರಿಯ ಒಂದೇ ಬೀದಿಯಲ್ಲಿ ಎರಡು ಸಲ ಓಡಾಡಿದೆ.

ಅಮಾಯುರ್‌ನಲ್ಲಿ 1522ರಲ್ಲಿ ನವಾರ್ರಾ ರಾಜ್ಯದ ಪರವಾಗಿ ಸುಮಾರು ಇನ್ನೂರು ಜನ ಕೋಟೆ ಹಿಡಿದು ಕಾದಾಡಿ ಸೋತರು. ಗುಡ್ಡದ ಮೇಲೆ ಸ್ಮಾರಕ ಇದೆ. ಮಳೆ ಜಾಸ್ತಿಯಾದ್ದರಿಂದ ಬೇಗ ಇಳಿದು ಹಳೆಯ ನೀರು ಗಿರಣಿಗೆ ಬಂದೆ. ಅಲ್ಲಿ ತಾಲೊ ಸಿಗುತ್ತದೆ. ಮೆಕ್ಕೆಜೋಳದ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ, ಕೈಯಲ್ಲಿ ತಟ್ಟಿ, ಕಾವಲಿಯ ಮೇಲೆ ಸುಡುತ್ತಾರೆ. ಥೇಟ್ ನಮ್ಮ ಜೋಳದ ರೊಟ್ಟಿ, ಸ್ವಲ್ಪ ದಪ್ಪ. ಕುರಿ ಹಾಲಿನ ಚೀಸ್ ಇಟ್ಟು ಮಡಚಿ ಕೊಟ್ಟರು. ಕೊರೆಯುವ ಚಳಿಗೆ ಅದಕ್ಕಿಂತ ಒಳ್ಳೆಯ ಊಟ ಬೇಕಿರಲಿಲ್ಲ.

ಶನಿವಾರ, ಸುಗರ್ರಾಮುರ್ದಿ

ನಾನು ಬಂದದ್ದೇ ಮುಖ್ಯವಾಗಿ ಇದಕ್ಕೆ. ಸುಗರ್ರಾಮುರ್ದಿ ಬಸ್ತಾನ್‌ನ ಊರಲ್ಲ, ಓತ್ಸೊಂದೊ ಕಣಿವೆದಾರಿ ಹತ್ತಿ ಆಚೆ ಇಳಿದರೆ ಫ್ರಾನ್ಸ್ ಗಡಿಯಲ್ಲಿದೆ. ಬಸ್ಸುಗಳು ಕಡಿಮೆ, ಟ್ಯಾಕ್ಸಿ ಹಿಡಿದೆ. ಮೊದಲು ಗುಹೆಗೆ ಹೋದೆ. ಗುಹೆ ಎಂದರೆ ಕತ್ತಲ ಬಿಲವಲ್ಲ. ಹಳ್ಳವೊಂದು ಸುಣ್ಣಕಲ್ಲನ್ನು ಕೊರೆದು ಮಾಡಿದ ಭಾರಿ ಸುರಂಗ. ಎರಡೂ ಕಡೆ ಬಾಯಿ ತೆರೆದಿದೆ. ಉದ್ದ ನೂರು ಮೀಟರಿಗೂ ಜಾಸ್ತಿ. ಹಳ್ಳಕ್ಕೆ ನರಕದ ಹಳ್ಳ ಎಂದು ಹೆಸರು. ಮಾಟಗಾತಿಯರು ರಾತ್ರಿ ಇಲ್ಲಿ ಸೇರಿ ಸೈತಾನನನ್ನು ಪೂಜಿಸುತ್ತಿದ್ದರು ಎಂಬುದು ಆರೋಪವಾಗಿತ್ತು.

ಆ ಆರೋಪ ಶುರುವಾದದ್ದೂ ಒಬ್ಬಳು ಹೆಣ್ಣುಮಗಳು ಊರಿಗೆ ವಾಪಸ್ ಬಂದಾಗಲೇ. 1608ರ ಕೊನೆಯಲ್ಲಿ ಮರಿಯಾ ದೆ ಹಿಮಿಲ್ದೆಗಿ ಎಂಬ ಇಪ್ಪತ್ತರ ಹುಡುಗಿ ಗಡಿಯಾಚೆಯ ಸಿಬೂರ್‌ನಿಂದ ಬಂದಳು. ಅಲ್ಲಿ ತಾನು ಮಾಟಗಾತಿಯರ ಗುಂಪಿನಲ್ಲಿದ್ದೆ, ಈ ಊರಿನ ಸಭೆಗೂ ಬಂದಿದ್ದೆ, ಯಾರ್‍ಯಾರಿದ್ದರು ಎಂದು ಹೇಳಬಲ್ಲೆ ಎಂದಳು. ಆಗ ಫ್ರೆಂಚ್ ಕಡೆಯಲ್ಲಿ ಮಾಟಗಾತಿ ಭಯ ಹಬ್ಬುತ್ತಿತ್ತು. ಅವಳು ಮೊದಲು ಹೆಸರಿಸಿದ್ದು ಮರಿಯಾ ದೆ ಹುರೆತೆಗಿಯಾ ಎಂಬ ಇಪ್ಪತ್ತೆರಡರ ಗೃಹಿಣಿಯನ್ನು. ಆಕೆ ಇಲ್ಲ ಇಲ್ಲ ಎಂದಳು.  ಒತ್ತಾಯ ಹೆಚ್ಚಾದಾಗ ಮೂರ್ಛೆ ಹೋದಳು, ಎದ್ದು ಹೌದು ಎಂದಳು. ಅವಳ ಬಾಯಿಂದ ಇನ್ನಷ್ಟು ಹೆಸರು. ಒಬ್ಬೊಬ್ಬರಾಗಿ ಚರ್ಚಿನಲ್ಲಿ ನಿಂತು ತಪ್ಪೊಪ್ಪಿಕೊಂಡರು, ಊರಿನವರ ಕ್ಷಮೆ ಕೇಳಿದರು. ಊರು ಕ್ಷಮಿಸಿತು. ವಿಷಯ ಅಲ್ಲಿಗೇ ಮುಗಿದಿತ್ತು.

ಆದರೆ ಸುದ್ದಿ ಲೊಗ್ರೊನ್ಯೊ ಊರಿನ ಇನ್‌ಕ್ವಿಸಿಷನ್‌ಗೆ, ಅಂದರೆ ಧರ್ಮಕ್ಕೆ ವಿರುದ್ಧ ನಡೆದವರನ್ನು ವಿಚಾರಿಸುವ ಚರ್ಚಿನ ನ್ಯಾಯಪೀಠಕ್ಕೆ, ಮುಟ್ಟಿತು. ನಾಲ್ವರನ್ನು ಹಿಡಿದೊಯ್ದರು. ಆಗ ಊರಿನ ಇನ್ನೂ ಕೆಲವರು ತಾವಾಗಿಯೇ ಲೊಗ್ರೊನ್ಯೊಗೆ ನಡೆದು ಹೋದರು. ನಾವು ಹೇಳಿದ್ದೆಲ್ಲ ಸುಳ್ಳು, ಹೆದರಿ ಒಪ್ಪಿಕೊಂಡೆವು ಎಂದು ತಿಳಿಸಲು. ಚಳಿಗಾಲದಲ್ಲಿ, ಬೆಟ್ಟ ದಾಟಿಕೊಂಡು. ಅವರನ್ನೂ ಒಳಗೆ ಹಾಕಿದರು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಸತ್ಯ ಹೇಳಿದರೆ ನ್ಯಾಯ ಸಿಗುತ್ತದೆಂದು ನಂಬಿ, ಕರೆಯದೇ ಹೋದವರು ಅವರು. ಎಂಬತ್ತರ ಗ್ರಾಸಿಯಾನಾ ದೆ ಬಾರ್ರೆನೆಚೆಯಾ ಎಂಬ ಮುದುಕಿಯನ್ನು ಗುಂಪಿನ ರಾಣಿ ಎಂದರು. ಸೆರೆಮನೆಯಲ್ಲಿ ರೋಗ ಹಬ್ಬಿತು. ಆಕೆ ಅಲ್ಲಿಯೇ ಸತ್ತಳು. ಸತ್ತವರು ಇನ್ನೂ ಹಲವರು.

1610ರ ನವೆಂಬರ್ 7 ಮತ್ತು 8ರಂದು ಲೊಗ್ರೊನ್ಯೊದಲ್ಲಿ ಬಹಿರಂಗ ತೀರ್ಪು. ಹನ್ನೊಂದು ಜನಕ್ಕೆ ಸುಡುವ ಶಿಕ್ಷೆ. ಆರು ಜನರನ್ನು ಜೀವಂತ ಒಯ್ದರು. ಐವರು ಆಗಲೇ ಸೆರೆಯಲ್ಲಿ ಸತ್ತಿದ್ದರು, ಅವರ ಬದಲು ಪ್ರತಿಮೆಗಳನ್ನು, ಎಲುಬುಗಳನ್ನು ಸುಟ್ಟರು. ಒಪ್ಪಿಕೊಂಡವರಲ್ಲಿ ಹೆಚ್ಚಿನವರು ಬೆಂಕಿಯಿಂದ ತಪ್ಪಿಸಿಕೊಂಡರು. ನಾನು ಮಾಟಗಾತಿ ಅಲ್ಲ ಎಂದು ಕೊನೆಯವರೆಗೂ ಹೇಳಿದವರು ಬೆಂಕಿಗೆ ಹೋದರು.

ಇಲ್ಲಿ ನಮ್ಮ ಸಲಾಸರ್ ಬರುತ್ತಾನೆ. ಅಲೊನ್ಸೊ ದೆ ಸಲಾಸರ್ ಫ್ರಿಯಾಸ್. ಬುರ್ಗೊಸ್ ಊರಿನವನು, ಕಾನೂನು ಓದಿದವನು. ಆ ತೀರ್ಪು ಕೊಟ್ಟ ಮೂವರು ನ್ಯಾಯಾಧೀಶರಲ್ಲಿ ಅವನೂ ಒಬ್ಬ. ಈ ಮಾತನ್ನು ಮುಚ್ಚಿಡಬಾರದು. ಉಳಿದ ಇಬ್ಬರಿಗಿಂತ ತಡವಾಗಿ, 1609ರ ಜೂನ್‌ನಲ್ಲಿ ಪೀಠಕ್ಕೆ ಬಂದಿದ್ದ. ಒಳಗೇ ಅನುಮಾನ ಬೆಳೆಯುತ್ತಿತ್ತು. 1611ರ ಮೇ ತಿಂಗಳಲ್ಲಿ, ತಾವಾಗಿ ಒಪ್ಪಿಕೊಂಡವರಿಗೆ ಕ್ಷಮೆ ಎಂಬ ಆದೇಶ ಹಿಡಿದು ಹಳ್ಳಿಗಳಿಗೆ ಹೊರಟ. ಬಾಸ್ಕ್ ಭಾಷೆ ಬರುತ್ತಿರಲಿಲ್ಲ. ದುಭಾಷಿಗಳನ್ನು ಜೊತೆಗೆ ಕರೆದುಕೊಂಡ. ಮರುವರ್ಷದ ಜನವರಿವರೆಗೆ ಸುತ್ತಿದ. 1802 ಜನರ ಹೇಳಿಕೆ ಪಡೆದ. ಅವರಲ್ಲಿ 1384 ಮಂದಿ ಮಕ್ಕಳು.

ಅವನು ಮಾಡಿದ್ದು ಇವತ್ತು ನಾವು ಒಳ್ಳೆಯ ತನಿಖೆ ಎನ್ನುವ ಕೆಲಸ. ಒಂದೇ ಸಭೆಗೆ ಹೋಗಿದ್ದೆವು ಎಂದವರನ್ನು ಬೇರೆ ಬೇರೆಯಾಗಿ ಕೂರಿಸಿ, ಎಲ್ಲಿ ಕೂತಿದ್ದಿರಿ, ಏನು ತಿಂದಿರಿ, ಗಡಿಯಾರದ ಸದ್ದು ಕೇಳಿತೇ ಎಂದು ಕೇಳಿದ. ಉತ್ತರಗಳು ತಾಳೆಯಾಗಲಿಲ್ಲ. ಹಾರಲು ಮೈಗೆ ಹಚ್ಚುತ್ತೇವೆ ಎಂದು ತಂದುಕೊಟ್ಟ ಲೇಪಗಳ ಮಡಕೆಗಳು ಇಪ್ಪತ್ತೆರಡು. ಅವನ್ನು ವೈದ್ಯರಿಗೂ ಔಷಧಿ ಮಾಡುವವರಿಗೂ ತೋರಿಸಿದ, ಪ್ರಾಣಿಗಳಿಗೆ ಕೊಟ್ಟು ನೋಡಿದ. ಯಾವುದಕ್ಕೂ ಏನೂ ಆಗಲಿಲ್ಲ. ಎಲ್ಲವೂ ಹೆದರಿಕೆಗೆ ಮನೆಯಲ್ಲಿ ಕಲಸಿದ ಸುಳ್ಳು ಲೇಪ. ಸೈತಾನನ ಜೊತೆ ಮಲಗಿದ್ದೆ ಎಂದ ಹುಡುಗಿಯರನ್ನು ಸೂಲಗಿತ್ತಿಯರು ಪರೀಕ್ಷಿಸಿ, ಅವರು ಕನ್ಯೆಯರೇ ಎಂದರು. 81 ಜನ ಹೇಳಿಕೆ ವಾಪಸ್ ತೆಗೆದುಕೊಂಡರು.

1612ರ ಮಾರ್ಚ್‌ನಲ್ಲಿ ಮೇಲಿನ ಪೀಠಕ್ಕೆ ವರದಿ ಬರೆದ. ಮಾಟ ನಡೆದಿದೆ ಎನ್ನಲು ಒಂದೇ ಒಂದು ಹೊರಗಿನ ಪುರಾವೆ ಸಿಗಲಿಲ್ಲ ಎಂಬುದು ಅದರ ಸಾರ. ಅದರ ಬಗ್ಗೆ ಮಾತಾಡುವ, ಬರೆಯುವ ಮೊದಲು ಈ ಸೀಮೆಯಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟಕ್ಕೆ ಸಿಕ್ಕವರೂ ಇರಲಿಲ್ಲ ಎಂದೂ ಬರೆದ. ಸ್ವಂತ ಪೀಠದ ಸಹೋದ್ಯೋಗಿಗಳ ಮೇಲೆ, ತಾನೂ ಸಹಿ ಹಾಕಿದ ತೀರ್ಪಿನ ಮೇಲೆ ಹೀಗೆ ಬರೆಯಲು ಎಂಥ ಧೈರ್ಯ ಬೇಕು!

ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಲ್ಲ ಎಂದು ನಮ್ಮಲ್ಲಿ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಜೂನಿಯರ್ ಆಗಿದ್ದಾಗ ಅದನ್ನು ಬಾಯಿಪಾಠ ಮಾಡಿದ್ದೆ. ಅದು ಯಾಕೆ ಬೇಕು ಎಂಬುದು ಈ ಹಳ್ಳದ ದಡದಲ್ಲಿ ಮೈಗೆ ತಟ್ಟಿತು. ಬೀದರ್, ಕಲಬುರಗಿ ಕಡೆ ಬಾಣಾಮತಿ ಮಾಡಿಸಿದ್ದಾರೆಂದು ಅಕ್ಕಪಕ್ಕದವರನ್ನೇ ಹಿಂಸಿಸಿದ ಸುದ್ದಿಗಳನ್ನು ನಾವೆಲ್ಲ ಕೇಳಿದವರೇ. ವಾಮಾಚಾರ ತಡೆಗೆ ಕರ್ನಾಟಕ ಕಾಯ್ದೆ ಮಾಡಿದ್ದು 2017ರಲ್ಲಿ.

ಊರಿನ ಹಳೆಯ ಆಸ್ಪತ್ರೆ ಕಟ್ಟಡದಲ್ಲಿ 2007ರಲ್ಲಿ ಮಾಟಗಾತಿಯರ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಗುಹೆಗೆ ಬಂದವರು ಅದನ್ನು ಬಿಡಬಾರದು. ಅದನ್ನು ನೋಡದೆ ಹೋದರೆ ಪೊರಕೆ ಹಿಡಿದ ಗೊಂಬೆಗಳನ್ನು ಕೊಂಡು ಹೋಗುವುದಷ್ಟೇ ಆಗುತ್ತದೆ. ಅಂಗಡಿಗಳ ತುಂಬ ಆ ಗೊಂಬೆಗಳೇ. ನನಗೆ ಕೊಳ್ಳಲು ಮನಸ್ಸು ಬರಲಿಲ್ಲ. ಸತ್ತವರು ಇದೇ ಬೀದಿಯ ಹೆಂಗಸರು, ಗಂಡಸರು, ಹೆಸರಿದ್ದ ಜನ.

ಭಾನುವಾರ, ದೊನೆಸ್ತೆಬೆ ಮತ್ತು ಬೆರ್ತಿಸ್

ಬೆಳಿಗ್ಗೆ ಬೆರ್ತಿಸ್ ಕಾಡಿನಲ್ಲಿ ನಡೆದೆ. ಎರಡು ಸಾವಿರ ಹೆಕ್ಟೇರಿಗೂ ಹೆಚ್ಚಿನ ಈ ಎಸ್ಟೇಟ್ ಪೆದ್ರೊ ಸಿಗಾ ಎಂಬವರದ್ದು. ಮರ ಕಡಿಯದೆ ಇದ್ದಂತೆಯೇ ಉಳಿಸಬೇಕೆಂಬ ಷರತ್ತಿನ ಮೇಲೆ 1949ರಲ್ಲಿ ಅದನ್ನು ನವಾರ್ರಾಕ್ಕೆ ಬರೆದುಕೊಟ್ಟರು. ಬಸಜೌನ್ ಇದ್ದರೆ ಇಲ್ಲಿಯೇ ಇರಬೇಕು ಎನಿಸುವಂಥ ಕಾಡು. ಬೀಚ್ ಮರಗಳ ಕೆಳಗೆ ಪೊದೆಯೇ ಬೆಳೆಯುವುದಿಲ್ಲ. ದೂರದವರೆಗೆ ಕಾಂಡಗಳು ಕಾಣುತ್ತವೆ. ಎಲೆ ಹಾಸಿದ ನೆಲದಲ್ಲಿ ಹೆಜ್ಜೆಯ ಸದ್ದೇ ಇಲ್ಲ.

ದೊನೆಸ್ತೆಬೆ ಅಲ್ಲಿಂದ ಹತ್ತಿರ. ಸಣ್ಣ, ಚೊಕ್ಕ ಊರು. ನೋಡಲು ವಿಶೇಷ ಏನಿಲ್ಲ ಎಂದು ಹೆಚ್ಚಿನವರು ನಿಲ್ಲುವುದಿಲ್ಲ. ನಾನು ನಿಂತೆ, ಯಾಕೆಂದರೆ ಸಲಾಸರ್‌ನ ತನಿಖೆಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ನಡೆದದ್ದು ಇಲ್ಲಿ. ಸಂತ ಜಾನ್ ಹಬ್ಬದ ಹಿಂದಿನ ರಾತ್ರಿ ಇಂಥ ಕಡೆ ದೊಡ್ಡ ಸಭೆ ನಡೆಯುತ್ತದೆ ಎಂದು ಕೆಲವರು ಹೇಳಿದ್ದರು. ಸಲಾಸರ್ ವಾದ ಮಾಡಲಿಲ್ಲ. ತನ್ನ ಗುಮಾಸ್ತರನ್ನು ಆ ರಾತ್ರಿ ಅಲ್ಲಿಗೇ ಕಳಿಸಿದ. ಅವರು ಹೋಗಿ ನೋಡಿದರು. ಯಾರೂ ಬರಲಿಲ್ಲ. ಅದನ್ನೇ ಬರೆದುಕೊಂಡು ವಾಪಸ್ ಬಂದರು. ಸ್ಥಳಕ್ಕೆ ಹೋಗಿ ನೋಡುವುದು ಎಷ್ಟು ಸರಳ ಕೆಲಸ, ಅಲ್ವಾ? ಅದಕ್ಕೂ ಮೊದಲಿನ ಎರಡು ವರ್ಷಗಳಲ್ಲಿ ಜನ ಸಾಯುತ್ತಿದ್ದಾಗ ಯಾರೂ ಅದನ್ನು ಮಾಡಿರಲಿಲ್ಲ.

ಅಮಾಯಾಗೆ ಹುಟ್ಟೂರಿನ ನೆನಪಿತ್ತು, ಈ ಸಲಾಸರ್‌ಗೆ ಅದಿರಲಿಲ್ಲ. ಭಾಷೆಯೂ ಇರಲಿಲ್ಲ. ಊರಿನ ಮೌನ ಅವನಿಗೆ ಅರ್ಥವಾಗುತ್ತಿರಲಿಲ್ಲ. ಊರಿನ ಭಯವೂ ಅವನಿಗೆ ಅಂಟಲಿಲ್ಲ. ಎಲ್ಲರೂ ಹೌದು ಎನ್ನುತ್ತಿರುವಾಗ ಅದೇ ಅವನನ್ನು ಕಾಪಾಡಿತು. ಗುರುವಾರ ಸೇತುವೆಯ ಮೇಲೆ ನಿಂತಾಗ ನಾನು ಊರಿನವಳ ಪರವಾಗಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಊರೊಳಗಿನ ಕೊಲೆಗೆ ಅಮಾಯಾಳಂಥವಳು ಬೇಕು. ಊರಿಗೆ ಊರೇ ಸೇರಿ ಮಾಡಿದ ಅನ್ಯಾಯಕ್ಕೆ ದುಭಾಷಿ ಕಟ್ಟಿಕೊಂಡು ಬರುವ ಪರಊರಿನವನೇ ಬೇಕೋ ಏನೋ.

ಸೋಮವಾರ, ಲೊಗ್ರೊನ್ಯೊ

ಪಂಪ್ಲೋನಾಕ್ಕೆ ಬಂದು ಇನ್ನೊಂದು ಬಸ್ ಹಿಡಿದೆ. ಎಬ್ರೊ ನದಿಯ ದಡದ ಲೊಗ್ರೊನ್ಯೊ ಈಗ ದ್ರಾಕ್ಷಾರಸಕ್ಕೆ ಹೆಸರಾದ ಊರು. ಹಳೆಯ ಬೀದಿಗಳಲ್ಲಿ ಜನ ಗ್ಲಾಸ್ ಹಿಡಿದು ನಿಂತಿರುತ್ತಾರೆ. ನಾನು ನದಿಯ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಡೆದೆ. ಸುಗರ್ರಾಮುರ್ದಿಯಿಂದ ಆ ಜನ ಕಾಲ್ನಡಿಗೆಯಲ್ಲಿ ಬಂದು ತಲುಪಿದ್ದು ಈ ಊರಿಗೆ. ಬಸ್ಸಿನಲ್ಲೇ ನನಗೆ ಅರ್ಧ ದಿನ ಹಿಡಿದಿತ್ತು.

1610ರ ತೀರ್ಪಿನ ವರದಿಯನ್ನು ಹುವಾನ್ ದೆ ಮೊಂಗಾಸ್ತೊನ್ ಎಂಬ ಮುದ್ರಕ 1611ರಲ್ಲಿ ಇಲ್ಲಿಯೇ ಅಚ್ಚು ಹಾಕಿ ಮಾರಿದ. ಮಾಟ, ಸೈತಾನ, ಮಕ್ಕಳ ರಕ್ತ ಎಲ್ಲವೂ ಅದರಲ್ಲಿತ್ತು. ಸಲಾಸರ್‌ನ ವರದಿ ಮಾತ್ರ ಗುಟ್ಟಿನ ಕಾಗದ, ಪೀಠದ ಕಡತದಲ್ಲೇ ಉಳಿಯಿತು. ಆದರೂ ಅದು ಕೆಲಸ ಮಾಡಿತು. 1614ರ ಆಗಸ್ಟ್‌ನಲ್ಲಿ ಮ್ಯಾಡ್ರಿಡ್‌ನ ಮೇಲಿನ ಪೀಠ ಹೊಸ ಸೂಚನೆಗಳನ್ನು ಕೊಟ್ಟಿತು. ಬರೀ ಹೇಳಿಕೆ ಸಾಲದು, ಹೊರಗಿನ ಪುರಾವೆ ಹುಡುಕಬೇಕು. ಹೇಳಿಕೆ ವಾಪಸ್ ತೆಗೆದುಕೊಳ್ಳುವವರ ಮಾತನ್ನು ಬರೆದುಕೊಳ್ಳಬೇಕು. ಶಿಕ್ಷೆಯಾದವರ ಹೆಸರಿನ ಅವಮಾನದ ಅಂಗಿಗಳನ್ನು ಚರ್ಚುಗಳಲ್ಲಿ ತೂಗುಹಾಕಬಾರದು. ಯುರೋಪಿನ ಬೇರೆ ಕಡೆ ಮಾಟಗಾತಿಯರೆಂದು ಕೊಲ್ಲುವುದು ಮುಂದೆ ನೂರೈವತ್ತು ವರ್ಷವೂ ನಡೆಯಿತು. ಸ್ವಿಟ್ಜರ್ಲೆಂಡಿನಲ್ಲಿ ಅನ್ನಾ ಗೊಲ್ಡಿಯ ತಲೆ ಕಡಿದದ್ದು 1782ರಲ್ಲಿ. ಸ್ಪೇನಿನ ಇನ್‌ಕ್ವಿಸಿಷನ್ ಮಾತ್ರ ಆ ಕೆಲಸವನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು.

ಸಲಾಸರ್‌ನ ಕಾಗದಗಳು ಹೊರಜಗತ್ತಿಗೆ ಸರಿಯಾಗಿ ಗೊತ್ತಾದದ್ದು ಡೆನ್ಮಾರ್ಕ್‌ನ ಸಂಶೋಧಕ ಗುಸ್ತಾವ್ ಹೆನ್ನಿಂಗ್ಸೆನ್ ಅವುಗಳ ಮೇಲೆ 1980ರಲ್ಲಿ ದೊಡ್ಡ ಪುಸ್ತಕ ಬರೆದ ಮೇಲೆ. ಅವು ಮ್ಯಾಡ್ರಿಡ್‌ನ ರಾಷ್ಟ್ರೀಯ ಐತಿಹಾಸಿಕ ಪತ್ರಾಗಾರದಲ್ಲಿವೆ, ಸೆರ್ರಾನೊ ಬೀದಿಯಲ್ಲಿ. ನನ್ನ ವಿಮಾನ ನಾಳೆ ರಾತ್ರಿ ಮ್ಯಾಡ್ರಿಡ್‌ನಿಂದ. ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಮಧ್ಯಾಹ್ನ ಆ ಕಟ್ಟಡಕ್ಕೆ ಹೋಗಿ, ಪಾಸ್‌ಪೋರ್ಟೂ ವಕೀಲರ ಸಂಘದ ಗುರುತಿನ ಚೀಟಿಯೂ ತೋರಿಸಿ, ಆ ಕಡತ ನೋಡಲು ಏನೇನು ಬೇಕು ಎಂದು ಕೇಳಬೇಕು.